ಅಕಾಲದ ಹೂವಿಗೆ ಸಾಕ್ಷಿ ಯಾರು?

ಬಳ್ಳಾರಿ ನಗರದ ಮಗ್ಗುಲಲ್ಲೇ, ಎರೆಹೊಲಗಳ ನಡುವೆ ಎದ್ದು ನಿಂತಿರುವ ಸಂಗನಕಲ್ಲಿನ ಗುಡ್ಡಗಳು ದೂರದಿಂದ ನೋಡುವವರಿಗೆ ಬರಿಯ ಬಂಡೆಗಳ ರಾಶಿ. ಹತ್ತಿರ ಹೋದವರಿಗೆ ಮಾತ್ರ ಆ ಬಂಡೆಗಳ ಸಂದಿನಲ್ಲಿ ನಿಂತ ಹಿಡಿಮಣ್ಣು, ಅದರಲ್ಲಿ ಬೇರೂರಿದ ಗಿಡಗಂಟಿ, ಬಳ್ಳಿ, ಹುಲ್ಲು ಕಾಣಿಸುತ್ತವೆ. ಅವುಗಳಿಗೆಲ್ಲ ತಮ್ಮದೇ ಆದ ಪಂಚಾಂಗವುಂಟು. ಈ ಸೀಮೆಯ ಮುತ್ತುಗವು ಎಲೆ ಕಳಚಿಕೊಂಡು ಫೆಬ್ರವರಿ-ಮಾರ್ಚ್ ತಿಂಗಳುಗಳಲ್ಲಿ ಕೆಂಪಾಗುತ್ತದೆ. ಬೇವು ಯುಗಾದಿಯ ಹಿಂದುಮುಂದು ಹೂ ಬಿಡುತ್ತದೆ. ಹೊಂಗೆಯೂ ಕಕ್ಕೆಯೂ ಬೇಸಿಗೆಯ ಉರಿಯನ್ನು ಕಾಯುತ್ತವೆ. ತುಂಬೆಯು ಮಳೆಗಾಲ ಮುಗಿಯುತ್ತ ಬರುವಾಗ ಹೊಲದ ಬದುಗಳನ್ನು ಬೆಳ್ಳಗಾಗಿಸುತ್ತದೆ.

ಈ ಪಂಚಾಂಗ ತಪ್ಪಿತೆಂಬ ಮಾತು ಇತ್ತೀಚಿನ ವರ್ಷಗಳಲ್ಲಿ ಗುಡ್ಡದ ಊರುಗಳಲ್ಲೂ ಕರಾವಳಿಯಲ್ಲೂ ಒಂದೇ ಸಮನೆ ಕೇಳಿಬರುತ್ತಿದೆ. ಚಳಿಗಾಲದಲ್ಲಿ ಕಕ್ಕೆ ಅರಳಿತೆಂದು ಒಬ್ಬರು ಹೇಳಿದರೆ, ಮಾವು ಎರಡು ಸಲ ಹೂ ಬಿಟ್ಟಿತೆಂದು ಮತ್ತೊಬ್ಬರು ಹೇಳುತ್ತಾರೆ. ಕಾಸರಗೋಡಿನಿಂದ ತೆಂಕಣಕ್ಕೆ ಕಡಲಂಚಿನಲ್ಲಿ ನಡೆಯುವವರಿಗೆ ವಿಷುವಿನ ಕಣಿಗೆಂದು ಮೀಸಲಾದ ಅದೇ ಕಕ್ಕೆ, ಅಲ್ಲಿನವರ ಮಾತಿನಲ್ಲಿ ಕಣಿಕೊನ್ನೆ, ಹಬ್ಬಕ್ಕೆ ಎಷ್ಟೋ ವಾರ ಮುಂಚೆಯೇ ಅರಳಿ ಉದುರಿಹೋಗುವುದು ಈಗ ಅಪರೂಪದ ನೋಟವಲ್ಲ. ಇಂಥ ಹೂವನ್ನು ಕಂಡವರು ‘ಕಾಲ ಕೆಟ್ಟಿತು’ ಎಂದು ನಿಟ್ಟುಸಿರಿಟ್ಟು ಮುಂದೆ ಹೋಗುತ್ತಾರೆ. ಪತ್ರಿಕೆಗಳು ಒಂದು ಚಿತ್ರವನ್ನು ಅಚ್ಚು ಹಾಕಿ ‘ಹವಾಮಾನ ವೈಪರೀತ್ಯ’ ಎಂಬ ತಲೆಬರಹ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಹೂವು ನಿಜವಾಗಿ ಏನನ್ನು ಹೇಳುತ್ತಿದೆ ಎಂದು ಕೇಳುವವರು ವಿರಳ.

ಒಂದು ಗಿಡ ತನ್ನ ತಿಂಗಳನ್ನು ಬಿಟ್ಟು ಹೂ ಬಿಟ್ಟ ಮಾತ್ರಕ್ಕೆ ಭೂಮಿ ಬಿಸಿಯಾದುದಕ್ಕೆ ಅದು ಪುರಾವೆಯಾಗುವುದಿಲ್ಲ. ಗಿಡಗಳೆಲ್ಲ ಒಂದೇ ಗಡಿಯಾರವನ್ನು ನೋಡಿಕೊಂಡು ಅರಳುವುದಿಲ್ಲವೆಂಬುದನ್ನು ಮೊದಲು ತಿಳಿಯಬೇಕು. ಕೆಲವು ಗಿಡಗಳು ಹಗಲಿನ ಉದ್ದವನ್ನು ಅಳೆಯುತ್ತವೆ. ಬಳ್ಳಾರಿಯ ಅಕ್ಷಾಂಶದಲ್ಲಿ ವರ್ಷದ ಅತಿ ದೀರ್ಘ ಹಗಲು ಸುಮಾರು 13 ಗಂಟೆ, ಅತಿ ಕಿರಿದಾದುದು 11 ಗಂಟೆಗೆ ತುಸು ಹೆಚ್ಚು. ಅಂತರ ಎರಡು ಗಂಟೆಗೂ ಕಡಿಮೆ. ಆದರೂ ನಮ್ಮ ಹುರುಳಿಯ ಬಹುಪಾಲು ನಾಟಿ ತಳಿಗಳಿಗೂ ಹುಚ್ಚೆಳ್ಳಿಗೂ ಅಷ್ಟೇ ಸಾಕು. ಮುಂಗಾರಿನಲ್ಲೇ ಬಿತ್ತಿದರೂ ಬಳ್ಳಿ ಹಬ್ಬೀತೇ ಹೊರತು, ಹಗಲು ಕುಗ್ಗದೆ ಹುರುಳಿ ಹೂವಿಗೆ ಬರಲೊಲ್ಲದು. ಅಜ್ಜಂದಿರು ಅದನ್ನು ತಡವಾಗಿ, ಉತ್ತರೆ ಮಳೆಯ ಹೊತ್ತಿಗೆ ಬಿತ್ತುತ್ತಿದ್ದುದರ ಹಿಂದೆ ಈ ಅನುಭವವಿದೆ. ಸೂರ್ಯನ ನಡೆ ಬದಲಾಗದಿರುವುದರಿಂದ ಇಂಥ ಸಸ್ಯಗಳು ಅಷ್ಟು ಸುಲಭವಾಗಿ ಮೋಸಹೋಗುವುದಿಲ್ಲ. ಅವು ದಾರಿ ತಪ್ಪಿದರೆ ಹತ್ತಿರದಲ್ಲಿ ರಾತ್ರಿಯಿಡೀ ಉರಿಯುವ ದೀಪವೇನಾದರೂ ಇದೆಯೇ ಎಂದು ನೋಡಬೇಕು. ಸೇವಂತಿಗೆ ಬೆಳೆಯುವವರು ಹೊಲದಲ್ಲಿ ಬಲ್ಬುಗಳನ್ನು ತೂಗುಹಾಕಿ ಹೂವನ್ನು ಹಬ್ಬದವರೆಗೆ ತಡೆಹಿಡಿಯುವುದು ಇದೇ ಗುಟ್ಟಿನಿಂದ.

ಇನ್ನು ಕೆಲವಕ್ಕೆ ತೇವವೇ ಗಡಿಯಾರ. ನೆಲದಲ್ಲಿ ಹಸಿ ಇದ್ದರೆ ಮೊಳೆಯುತ್ತವೆ, ಮೊಳೆತ ಕೆಲವೇ ವಾರಗಳಲ್ಲಿ ಹೂ ಬಿಡುತ್ತವೆ. ರಸ್ತೆಯ ಬದಿಯ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಇದಕ್ಕೆ ಉದಾಹರಣೆ. ಅದಕ್ಕೆ ಕಾಲವೂ ಇಲ್ಲ, ಅಕಾಲವೂ ಇಲ್ಲ. ಬಂಗಾರದ ಬಣ್ಣದ ತಂಗಡಿ ನಮ್ಮ ನೆಲದ್ದೇ ಆದರೂ ಹೆಚ್ಚುಕಡಿಮೆ ಅದೇ ಸ್ವಭಾವದ್ದು. ಮಳೆಯ ನಂತರ ಮೈತುಂಬ ಅರಳಿದರೂ ಉಳಿದ ತಿಂಗಳುಗಳಲ್ಲಿ ಅಲ್ಲೊಂದು ಇಲ್ಲೊಂದು ಹೂ ಇದ್ದೇ ಇರುತ್ತದೆ. ಡಿಸೆಂಬರಿನಲ್ಲಿ ತಂಗಡಿಯ ಹೂವನ್ನು ಕಂಡು ಗಾಬರಿಯಾಗುವುದು ವ್ಯರ್ಥ.

ನಿಜವಾಗಿ ಕಣ್ಣಿಡಬೇಕಾದುದು ಮೂರನೆಯ ಗುಂಪಿನ ಮೇಲೆ, ಒಣಗಾಲವನ್ನು ನಂಬಿ ಬದುಕುವ ಮರಗಳ ಮೇಲೆ. ಇವುಗಳ ಮೊಗ್ಗುಗಳು ಮೊದಲೇ ಮೂಡಿ ರೆಂಬೆಯಲ್ಲಿ ಮಲಗಿರುತ್ತವೆ. ನೀರಿನ ಕೊರತೆಯ ಒಂದು ನಿರ್ದಿಷ್ಟ ಅವಧಿ ಕಳೆದು, ಎಲೆ ಉದುರಿಯೋ ಹದವಾದ ಒಂದು ಮಳೆ ಬಿದ್ದೋ ಮರದೊಳಗೆ ನೀರು ಮತ್ತೆ ಏರಿದಾಗ ಅವು ಎಚ್ಚರಗೊಳ್ಳುತ್ತವೆ. ಮಲೆನಾಡಿನ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಫಿಯ ಮೊಗ್ಗು ಒಣ ಹವೆಯಲ್ಲಿ ಕಾದಿದ್ದು, ಮಾರ್ಚ್-ಏಪ್ರಿಲ್‌ನ ಹೂಮಳೆ ಬಿದ್ದ ಎಂಟು-ಹತ್ತು ದಿನಗಳಲ್ಲಿ ತೋಟಕ್ಕೆ ತೋಟವೇ ಬೆಳ್ಳಗಾಗುವುದನ್ನು ಅವರು ಬಲ್ಲರು. 2021ರ ಜನವರಿಯಲ್ಲಿ ಕೊಡಗು, ಹಾಸನ, ಚಿಕ್ಕಮಗಳೂರುಗಳಲ್ಲಿ ಅಕಾಲದ ಮಳೆ ಸುರಿದಾಗ ಆದುದನ್ನೂ ಬಲ್ಲರು. ಒಂದೇ ರೆಂಬೆಯಲ್ಲಿ ಕುಯ್ಯದ ಹಣ್ಣು, ಅದರ ಪಕ್ಕದಲ್ಲೇ ಬಿರಿದ ಹೂವು. ಹಣ್ಣನ್ನು ಬಿಡಿಸಲು ಹೋದರೆ ಹೂವು ಉದುರುತ್ತದೆ, ಹೂವನ್ನು ಉಳಿಸಲು ನಿಂತರೆ ಹಣ್ಣು ನೆಲಕ್ಕೆ ಬೀಳುತ್ತದೆ. ನೋಡುವವರ ಕಣ್ಣಿಗೆ ಅದು ಹಬ್ಬ, ಬೆಳೆಗಾರನಿಗೆ ಎರಡು ವರ್ಷಗಳ ಲೆಕ್ಕ ಒಂದೇ ವಾರದಲ್ಲಿ ಕಲಸಿಹೋಗುವ ಸಂಕಟ.

ಬಯಲುಸೀಮೆಯ ಗುಡ್ಡಗಳಲ್ಲಿ ಇಂಥ ನಷ್ಟಕ್ಕೆ ಬೆಲೆ ಕಟ್ಟುವ ಮಾರುಕಟ್ಟೆಯಿಲ್ಲ. ಆದ್ದರಿಂದ ಅದು ನಷ್ಟವೆಂದೇ ಎಣಿಕೆಯಾಗುವುದಿಲ್ಲ. ಬೇವು ಹೂವಿನಲ್ಲಿರುವಾಗ ಬಿರುಮಳೆ ಬಿದ್ದರೆ ಹೂವು ಉದುರಿ ಬೇವಿನ ಬೀಜ ಕಡಿಮೆಯಾಗುತ್ತದೆ. ಬೀಜ ಆಯ್ದು ಮಾರುವ ಹೆಂಗಸರ ಕೂಲಿಯೂ, ಕಷಾಯಕ್ಕೂ ಹಿಂಡಿಗೂ ಅದನ್ನೇ ನೆಚ್ಚಿದ ರೈತನ ಅನುಕೂಲವೂ ಒಟ್ಟಿಗೆ ಕುಸಿಯುತ್ತವೆ. ಹೆಜ್ಜೇನು ಹೂವಿನ ಕಾಲವನ್ನು ಅನುಸರಿಸಿ ಸೀಮೆಯಿಂದ ಸೀಮೆಗೆ ವಲಸೆ ಹೋಗುವ ಜೀವಿ. ಅದು ಬರುವ ಮುನ್ನವೇ ಅರಳಿ ಮುಗಿದ ಮರಕ್ಕೆ ಕಾಯಿ ಕಡಿಮೆ, ಬಂದ ಹುಳಕ್ಕೆ ಮೇವು ಕಡಿಮೆ. ಮರವು ಹೂವಿಗೆಂದು ಕೂಡಿಟ್ಟ ಶಕ್ತಿಯನ್ನು ಒಮ್ಮೆ ವೆಚ್ಚ ಮಾಡಿದ ಮೇಲೆ ಸಕಾಲದಲ್ಲಿ ಮತ್ತೆ ಅಷ್ಟೇ ಹೂವನ್ನು ಕೊಡಲಾರದು.

ಹೀಗಿದ್ದರೂ, ಅಕಾಲದ ಹೂವಿಗೆಲ್ಲ ಒಂದೇ ಕಾರಣವನ್ನು ಹಚ್ಚುವುದು ವಿಜ್ಞಾನಕ್ಕೂ ಚಳವಳಿಗೂ ಒಳ್ಳೆಯದಲ್ಲ. 2018ರ ಅಕ್ಟೋಬರಿನಲ್ಲಿ ಜಪಾನಿನ ಹಲವೆಡೆ, ವಸಂತದಲ್ಲಿ ಅರಳಬೇಕಾದ ಚೆರ್ರಿ ಮರಗಳು ಶರತ್ಕಾಲದಲ್ಲೇ ಹೂ ಬಿಟ್ಟವು. ಅಲ್ಲಿನ ತಜ್ಞರು ಕಂಡುಕೊಂಡ ವಿವರಣೆ ಸ್ವಾರಸ್ಯಕರವಾದುದು. ಚೆರ್ರಿಯ ಎಲೆಗಳೇ ಮೊಗ್ಗನ್ನು ಮಲಗಿಸುವ ರಸವನ್ನು ಒದಗಿಸುತ್ತವೆ. ಆ ವರ್ಷದ ಚಂಡಮಾರುತಗಳು ಎಲೆಗಳನ್ನು ಅವಧಿಗೆ ಮುನ್ನವೇ ಕಿತ್ತೊಯ್ದವು, ಕಡಲಿನಿಂದ ಬಂದ ಉಪ್ಪು ಗಾಳಿ ಉಳಿದುದನ್ನು ಒಣಗಿಸಿತು. ಬಳಿಕ ಕೆಲವು ದಿನ ಬೆಚ್ಚಗಿನ ಹವೆ ಬೀಸಿದಾಗ, ಜೋಗುಳ ನಿಂತ ಕೂಸಿನಂತೆ ಮೊಗ್ಗು ಎದ್ದುಬಿಟ್ಟಿತು. ನಮ್ಮಲ್ಲಿ ಚಂಡಮಾರುತವೇ ಬರಬೇಕೆಂದಿಲ್ಲ. ಕುರಿ-ಮೇಕೆಗಳಿಗೆಂದು ರೆಂಬೆ ಸವರಿದರೂ, ಗುಡ್ಡಕ್ಕೆ ಬೆಂಕಿ ಬಿದ್ದರೂ ಎಲೆ ಹೋಗುತ್ತದೆ. ಕಲ್ಲುಗಣಿಯ ದೂಳು ಎಲೆಯ ಉಸಿರುರಂಧ್ರಗಳನ್ನು ಮುಚ್ಚಿದರೂ ಮರ ಬಳಲುತ್ತದೆ. ಮರ ಕಂಗೆಟ್ಟು ಹೂ ಬಿಟ್ಟಿತೋ, ಋತು ಕೆಟ್ಟು ಬಿಟ್ಟಿತೋ ಎಂಬುದನ್ನು ಹೂವನ್ನಷ್ಟೇ ನೋಡಿ ಹೇಳಲಾಗದು.

ಗಿಡದ ಗುರುತು ತಪ್ಪುವುದೂ ಉಂಟು. ನೀಲಕುರಿಂಜಿಯ ವಿಷಯದಲ್ಲಿ ಇದು ಪದೇಪದೇ ಆಗುತ್ತಿದೆ. 12 ವರ್ಷಗಳಿಗೊಮ್ಮೆ ಅರಳುವುದೆಂದು ಹೆಸರಾದ ಈ ಗಿಡ ಪಶ್ಚಿಮ ಘಟ್ಟಕ್ಕಷ್ಟೇ ಸೇರಿದುದಲ್ಲ, ಬಳ್ಳಾರಿ ಜಿಲ್ಲೆಯ ಸಂಡೂರಿನ ಬೆಟ್ಟಗಳಲ್ಲೂ ಇದೆ. ಮುನ್ನಾರಿನಲ್ಲಿ ಅದು 2006ರಲ್ಲೂ 2018ರಲ್ಲೂ ಅರಳಿತು. ಆದರೆ ಕುರಿಂಜಿಯ ಕುಲದಲ್ಲಿ ಹತ್ತಾರು ಪ್ರಭೇದಗಳಿವೆ. ಕೆಲವು ವರ್ಷವರ್ಷವೂ ಅರಳುತ್ತವೆ, ಕೆಲವಕ್ಕೆ ಏಳೆಂಟು ವರ್ಷಗಳ ಆವರ್ತನ. ಒಂದು ಬೆಟ್ಟದ ಗುಂಪು ಮತ್ತೊಂದು ಬೆಟ್ಟದ ಗುಂಪಿನ ವರ್ಷವನ್ನು ಪಾಲಿಸಬೇಕೆಂಬ ನಿಯಮವೂ ಇಲ್ಲ. ಇದಾವುದನ್ನೂ ವಿಚಾರಿಸದೆ ‘ಅವಧಿಗೆ ಮುನ್ನ ಅರಳಿದ ಕುರಿಂಜಿ’ ಎಂಬ ಸುದ್ದಿ ಹಬ್ಬಿದೊಡನೆ ಆ ಬೆಟ್ಟಕ್ಕೆ ವಾಹನಗಳ ಸಾಲು ಹತ್ತುತ್ತದೆ. ಹೂವು ಋತು ತಪ್ಪಿತ್ತೋ ಇಲ್ಲವೋ, ಮರುವಾರಕ್ಕೆ ಗುಡ್ಡವಂತೂ ತುಳಿತಕ್ಕೆ ಸಿಕ್ಕಿರುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತಪ್ಪೊಂದು ನಮ್ಮ ಪಂಚಾಂಗದಲ್ಲೇ ಅಡಗಿದೆ. ‘ಮೊದಲೆಲ್ಲ ಯುಗಾದಿಗೆ ಬೇವು ಹೂವಾಗಿರುತ್ತಿತ್ತು, ಈ ವರ್ಷ ಬರಿ ಮೊಗ್ಗು’ ಎಂಬ ಮಾತನ್ನು ತೆಗೆದುಕೊಳ್ಳಿ. ಯುಗಾದಿ ಚಾಂದ್ರಮಾನದ ಹಬ್ಬ. 2023ರಲ್ಲಿ ಅದು ಮಾರ್ಚ್ 22ರಂದು ಬಂದಿತು. ನಡುವೆ ಅಧಿಕಮಾಸ ಕೂಡಿದ್ದರಿಂದ 2024ರಲ್ಲಿ ಏಪ್ರಿಲ್ 9ಕ್ಕೆ ಸರಿಯಿತು. ಒಂದೇ ವರ್ಷದ ಅಂತರದಲ್ಲಿ 18 ದಿನಗಳ ವ್ಯತ್ಯಾಸ. ಬೇವು ಎರಡೂ ವರ್ಷ ಒಂದೇ ದಿನ ಅರಳಿದ್ದರೂ ಬೇವು-ಬೆಲ್ಲದ ಬಟ್ಟಲಿನಲ್ಲಿ ಅದು ಬೇರೆಬೇರೆಯಾಗಿಯೇ ಕಾಣುತ್ತದೆ. ಇಲ್ಲಿ ಜಾರಿದುದು ಹಬ್ಬವೇ ಹೊರತು ಮರವಲ್ಲ. ಹೋಳಿಗೆ ಅರಳುವ ಮುತ್ತುಗದ ಮಾತೂ ಹೀಗೆಯೇ. ಆದರೆ ವಿಷು ಸೌರಮಾನದ ಹಬ್ಬ, ಏಪ್ರಿಲ್ ನಡುವಿನಿಂದ ಕದಲದು. ಆದ್ದರಿಂದ ಕಣಿಕೊನ್ನೆಯ ಬಗೆಗಿನ ಕರಾವಳಿಯವರ ದೂರಿಗೆ ಹೆಚ್ಚು ತೂಕವಿದೆ.

ಒಕ್ಕಲಿಗನ ಮಳೆನಕ್ಷತ್ರಗಳಿಗೂ ಅಷ್ಟೇ ತೂಕವಿದೆ. ರೋಹಿಣಿ, ಮೃಗಶಿರ, ಆರಿದ್ರಾ ಎಂದು ಎಣಿಸುವ ಆ ಲೆಕ್ಕ ಚಂದ್ರನದಲ್ಲ, ಸೂರ್ಯನದು. ಮೃಗಶಿರ ಮಳೆ ಪ್ರತಿವರ್ಷ ಜೂನ್ 7-8ರ ಸುಮಾರಿಗೆ ಕೂಡುತ್ತದೆ, ಸ್ವಾತಿ ಅಕ್ಟೋಬರ್ 24ರ ಸುಮಾರಿಗೆ. ‘ಹಸ್ತ ಮಳೆ ಕೂಡಿದ ನಾಲ್ಕನೆಯ ದಿನ ತುಂಬೆ ಅರಳಿತ್ತು’ ಎಂದು ಒಬ್ಬ ಮುದುಕ ನೆನಪಿಟ್ಟಿದ್ದರೆ ಅದನ್ನು ಇಂಗ್ಲಿಷ್ ತಾರೀಖಿಗೆ ತಿರುಗಿಸಿ ಬರೆಯಬಹುದು. ಅದು ಕಥೆಯಲ್ಲ, ದತ್ತಾಂಶ. ವಿಶ್ವವಿದ್ಯಾಲಯಗಳು ಇದನ್ನು ಸಂಗ್ರಹಿಸುವ ಕೆಲಸವನ್ನು ಎಂದೋ ಮಾಡಬೇಕಿತ್ತು.

ಸಂಗನಕಲ್ಲಿನ ವಿಶೇಷವಿರುವುದು ಇಲ್ಲಿಯೇ. ಕರ್ನಾಟಕದಲ್ಲಿ ಋತುವಿನ ಅತಿ ಹಳೆಯ ಲೆಕ್ಕಗಳಲ್ಲೊಂದು ಈ ಗುಡ್ಡಗಳ ಮಣ್ಣಿನಲ್ಲೇ ದೊರೆತಿದೆ. ಸನ್ನರಾಚಮ್ಮನ ಗುಡ್ಡ, ಹಿರೇಗುಡ್ಡಗಳಲ್ಲಿ ಸುಮಾರು 4000 ವರ್ಷಗಳ ಹಿಂದೆ ನವಶಿಲಾಯುಗದ ಜನ ನೆಲೆಸಿದ್ದರು. ದನ ಸಾಕಿದರು, ಕಪ್ಪು ಶಿಲೆಯಿಂದ ಕೊಡಲಿಗಳನ್ನು ತಯಾರಿಸಿದರು, ಬೇಸಾಯ ಮಾಡಿದರು. 1940ರ ದಶಕದಲ್ಲಿ ಬಿ. ಸುಬ್ಬರಾವ್, 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಮತ್ತು ಝಡ್. ಡಿ. ಅನ್ಸಾರಿ ಇಲ್ಲಿ ಉತ್ಖನನ ನಡೆಸಿದರು. ಆಮೇಲೆ ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಮೊದಲಾದವರು ಅಗೆದ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಕರಿಕನ್ನು ಸೋಸಿ, ಸುಟ್ಟು ಕರಿಯಾದ ಕಾಳುಗಳನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿ ಗುರುತಿಸಿದರು. ಒಲೆಯಲ್ಲಿ ಸೀದು ಕೊಳೆಯದೆ ಉಳಿದ ಆ ಕಾಳುಗಳಲ್ಲಿ ಕೊರಲೆ ಇತ್ತು, ನವಣೆಯ ದಾಯಾದಿಯಾದ ಒಂದು ಹುಲ್ಲುಧಾನ್ಯವಿತ್ತು, ಹುರುಳಿ ಇತ್ತು, ಹೆಸರು ಇತ್ತು. ನಾಲ್ಕೂ ಮಳೆಗಾಲವನ್ನು ನೆಚ್ಚಿದ ಬೆಳೆಗಳು. ಇವುಗಳ ಜೊತೆಗೆ ಅಲ್ಪ ಪ್ರಮಾಣದಲ್ಲಿ ಗೋಧಿ, ಬಾರ್ಲಿಗಳೂ ದೊರೆತಿವೆ. ವಾಯವ್ಯದಿಂದ ಬಂದ ಇವು ಚಳಿಗಾಲದ ಬೆಳೆಗಳು, ಮಳೆ ಹೋದ ಮೇಲೂ ತೇವವನ್ನು ಬೇಡುವಂಥವು.

ಎಂದರೆ, ಆ ಜನಕ್ಕೆ ಎರಡು ಋತುಗಳ ಅರಿವಿತ್ತು. ಯಾವ ಕಾಳು ಯಾವ ತಿಂಗಳಿಗೆ ಎಂಬುದನ್ನು ಅವರು ಬರೆದಿಡಲಿಲ್ಲ, ಲಿಪಿಯೇ ಇರಲಿಲ್ಲ. ಆದರೂ ಅವರ ಒಲೆಯ ಬೂದಿ ಇಷ್ಟನ್ನು ಹೇಳುತ್ತಿದೆ. ಲಿಪಿಯಿದ್ದು, ಶಾಲೆಯಿದ್ದು, ಮನೆಮನೆಗೂ ಗಡಿಯಾರವಿದ್ದ ಕಳೆದ 50 ವರ್ಷಗಳಲ್ಲಿ ಅದೇ ಗುಡ್ಡದ ಮುತ್ತುಗ ಯಾವ ವಾರ ಅರಳುತ್ತಿತ್ತು ಎಂದು ಕೇಳಿದರೆ ಮಾತ್ರ ತೆರೆದು ತೋರಿಸಲು ಒಂದು ಪುಸ್ತಕ ಸಿಗುವುದಿಲ್ಲ.

ಬೇರೆಡೆ ಸಿಗುತ್ತದೆ. ಜಪಾನಿನ ಕ್ಯೋಟೋ ನಗರದಲ್ಲಿ ಚೆರ್ರಿ ಅರಳಿದ ದಿನದ ದಾಖಲೆ ಒಂಬತ್ತನೆಯ ಶತಮಾನದಿಂದ ಇದೆ. 2021ರಲ್ಲಿ ಅದು ಮಾರ್ಚ್ 26ರಂದು ತುಂಬಿ ಅರಳಿದಾಗ, ಸುಮಾರು 1200 ವರ್ಷಗಳಲ್ಲೇ ಇದು ಅತಿ ಮುಂಚಿನದೆಂದು ಹೇಳಲು ಅವರಿಗೆ ಸಾಧ್ಯವಾಯಿತು. ಬ್ರಿಟನ್ನಿನಲ್ಲಿ 1753ರಷ್ಟು ಹಿಂದಿನ ಟಿಪ್ಪಣಿಗಳೂ ಉಳಿದಿದ್ದು, 406 ಸಸ್ಯಪ್ರಭೇದಗಳ ಲಕ್ಷಾಂತರ ದಾಖಲೆಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವು, 1987ರಿಂದೀಚೆಗೆ ಅಲ್ಲಿನ ಗಿಡಗಳು ಅದಕ್ಕೂ ಹಿಂದಿನ ಕಾಲಕ್ಕಿಂತ ಸರಾಸರಿ ಸುಮಾರು ಒಂದು ತಿಂಗಳು ಮುಂಚೆ ಅರಳುತ್ತಿವೆಯೆಂದು ತೋರಿಸಿತು. ಆ ಟಿಪ್ಪಣಿಗಳನ್ನು ಬರೆದವರಲ್ಲಿ ಹೆಚ್ಚಿನವರು ವಿಜ್ಞಾನಿಗಳಲ್ಲ, ತೋಟದ ಮಾಲಿಗಳು, ಹವ್ಯಾಸಿಗಳು. ಅಲ್ಲಿಯ ಸಸ್ಯವಿಜ್ಞಾನ ಸಂಘವೊಂದು 2012ರಿಂದ ಪ್ರತಿ ಹೊಸವರ್ಷಕ್ಕೆ, ಕೊರೆಯುವ ಚಳಿಯಲ್ಲಿ ಯಾವ ಕಾಡುಹೂಗಳು ಅರಳಿವೆಯೆಂದು ಹುಡುಕಲು ಜನರನ್ನು ಹೊರಡಿಸುತ್ತಿದೆ. ಬೆಚ್ಚನೆಯ ಕಡಲತೀರಗಳಲ್ಲಿ ನಡೆದವರ ಪಟ್ಟಿಯೇ ಸಾಮಾನ್ಯವಾಗಿ ಉದ್ದ. ಆ ಪಟ್ಟಿಗಳಿಂದ ಹೊರಬಿದ್ದ ಸಂಗತಿ ಕುತೂಹಲಕರ. ಚಳಿಗಾಲದಲ್ಲಿ ಕಂಡ ಹೂಗಳಲ್ಲಿ ಮುಂಬರುವ ವಸಂತದ ಅವಸರದ ಹೂಗಳು ಕೆಲವೇ. ಹೆಚ್ಚಿನವು ಹಿಂದಿನ ಋತು ಮುಗಿದರೂ ಮುಗಿಯದೆ ಉಳಿದಂಥವು. ಎಣಿಸದೆ ಹೋಗಿದ್ದರೆ ಎಲ್ಲವನ್ನೂ ‘ಮುಂಚೆ ಬಂದ ವಸಂತ’ ಎಂದೇ ಕರೆದುಬಿಡುತ್ತಿದ್ದರು.

ಭಾರತದಲ್ಲಿ ಈ ಕೊರತೆಯನ್ನು ತುಂಬುವ ಯತ್ನಗಳು ಇಲ್ಲದಿಲ್ಲ. 2010ರಲ್ಲಿ ಆರಂಭವಾದ ‘ಸೀಸನ್‌ವಾಚ್’ ಯೋಜನೆಯಲ್ಲಿ ಶಾಲಾ ಮಕ್ಕಳೂ ಸಾರ್ವಜನಿಕರೂ ತಮ್ಮ ಆಸುಪಾಸಿನ ಮರವೊಂದನ್ನು ಆಯ್ದುಕೊಂಡು ವಾರವಾರವೂ ಅದರ ಎಲೆ, ಹೂವು, ಕಾಯಿಗಳನ್ನು ಗುರುತು ಹಾಕುತ್ತಾರೆ. ಕೇರಳದ ಶಾಲೆಗಳು ಇದರಲ್ಲಿ ಬಹಳ ಮುಂದು. ಬಳ್ಳಾರಿಯಂಥ ಒಣಸೀಮೆ ಇದರಲ್ಲಿ ಹಿಂದುಳಿಯಬಾರದು. ಮಳೆಯ ಏರುಪೇರನ್ನು ಈ ಸೀಮೆಯಷ್ಟು ಉಂಡ ನೆಲ ಕಡಿಮೆ. 2009ರ ಸೆಪ್ಟೆಂಬರ್ ಕೊನೆ-ಅಕ್ಟೋಬರ್ ಆರಂಭದ ಮಹಾಪೂರದಲ್ಲಿ ಸಿರುಗುಪ್ಪದ ಊರುಗಳು ನೀರಿನಲ್ಲಿ ನಿಂತವು. 2021ರ ನವೆಂಬರಿನಲ್ಲಿ, ಕೊಯ್ಲಿನ ಹೊತ್ತಿಗೆ, ರಾಜ್ಯದ ಹಲವೆಡೆ ಮಳೆ ಸುರಿದು ಬೆಳೆ ನೆಲಕಚ್ಚಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಈ ಮೂರು ವರ್ಷಗಳಲ್ಲಿ ಗುಡ್ಡದ ಮರಗಳು ಏನು ಮಾಡಿದವು ಎಂಬುದರ ದಾಖಲೆ ಕೈಯಲ್ಲಿದ್ದಿದ್ದರೆ, ಇಂದು ಅದು ಎಷ್ಟೋ ಉಪನ್ಯಾಸಗಳಿಗಿಂತ ಹೆಚ್ಚು ಬೆಲೆಬಾಳುತ್ತಿತ್ತು.

ಕಾಲ ಮೀರುವುದಕ್ಕೆ ಬೇರೆ ಎರಡು ಕಾರಣಗಳೂ ಇವೆ. ಒಂದು, ಗುಡ್ಡವೇ ಉಳಿಯುವುದೋ ಇಲ್ಲವೋ ಎಂಬುದು. ತಟ್ಟಿದರೆ ನಾದ ಹೊಮ್ಮುವ ಬಂಡೆಗಳೂ ಪ್ರಾಚೀನ ಗೀರುಚಿತ್ರಗಳೂ ಇರುವ ಕಪ್ಪಗಲ್ಲಿನ ಗುಡ್ಡವನ್ನು ಕಲ್ಲುಗಣಿಗಾರಿಕೆ ಕಡಿಯುತ್ತಿರುವುದನ್ನು ಪುರಾತತ್ವಜ್ಞರು 2004ರಷ್ಟು ಹಿಂದೆಯೇ ಜಗತ್ತಿನ ಗಮನಕ್ಕೆ ತಂದಿದ್ದರು. ಚಿತ್ರಗಳ ಬಗ್ಗೆ ಅಷ್ಟಾದರೂ ಕೂಗೆದ್ದಿತು. ಬಂಡೆಯೊಡನೆ ಹೋದ ಬಳ್ಳಿಗೆ, ಹುಲ್ಲಿಗೆ ಕೂಗಿದವರಿಲ್ಲ, ಅಲ್ಲಿ ಏನಿತ್ತೆಂಬ ಪಟ್ಟಿಯೇ ಇಲ್ಲದಿದ್ದುದರಿಂದ.

ಮತ್ತೊಂದು ಕಾರಣಕ್ಕೆ ಕನ್ನಡಿಗರು ಬಳ್ಳಾರಿಯ ಹೆಸರನ್ನೇ ಇಟ್ಟಿದ್ದಾರೆ. ಅದು ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ 19ನೇ ಶತಮಾನದಲ್ಲಿ ಭಾರತಕ್ಕೆ ತರಲಾದ ಈ ಮುಳ್ಳುಮರ ಹೆಸರಿನಿಂದ ನಮ್ಮದಾಗಿದೆ, ಗುಣದಿಂದ ಅಲ್ಲ. ಕುರಿ-ದನಗಳು ಕಾಯಿ ತಿಂದು ಹಿಕ್ಕೆ-ಸಗಣಿಯ ಮೂಲಕ ಬೀಜವನ್ನು ಹರಡುತ್ತವೆ. ಸೌದೆಗೆ, ಇದ್ದಿಲಿಗೆ ಅದು ಬಡವರ ಆಸರೆಯೂ ಹೌದು, ಆದ್ದರಿಂದ ಅದನ್ನು ಬರಿದೇ ಬೈಯುವುದು ಸಲ್ಲದು. ಆದರೆ ಅದು ದಟ್ಟವಾಗಿ ಹಬ್ಬಿದ ಕಡೆ ನೆಲದ ಹುಲ್ಲು, ಬಳ್ಳಿಗಳು ಸೊರಗುತ್ತವೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೂ ಬಿಡುವ ಈ ಮರದ ನಡುವೆ ಬೆಳೆದ ಮಗುವಿಗೆ ಹೂವಿಗೂ ಒಂದು ಕಾಲವುಂಟು ಎಂಬ ಕಲ್ಪನೆಯಾದರೂ ಹೇಗೆ ಮೂಡೀತು?

ಕಾನೂನಿನಲ್ಲಿ ಒಂದು ದಾರಿ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಈ ದಾಖಲಾತಿಯ ಕಲ್ಪನೆಯನ್ನು ಬೆಳೆಸಿದವರಲ್ಲಿ ಮಾಧವ ಗಾಡ್ಗೀಳರು ಪ್ರಮುಖರು. ಊರಿನ ಜನರೇ ಕೂತು ಬರೆಯಬೇಕಾದ ಪುಸ್ತಕವನ್ನು ಗುತ್ತಿಗೆಗೆ ಕೊಟ್ಟು, ಒಂದು ಪಂಚಾಯಿತಿಯ ಪಟ್ಟಿಯನ್ನು ಮತ್ತೊಂದಕ್ಕೆ ನಕಲು ಮಾಡಿದರೆ ಕಪಾಟು ತುಂಬುತ್ತದೆ, ಅಷ್ಟೇ. ಗ್ರಾಮಸಭೆಯಲ್ಲಿ ಆ ಪುಸ್ತಕವನ್ನು ತೆರೆದು ತೋರಿಸಿರೆಂದು ಕೇಳುವ ಹಕ್ಕು ಪ್ರತಿಯೊಬ್ಬ ಗ್ರಾಮಸ್ಥನಿಗೂ ಇದೆ. ಅದಕ್ಕೆ ಹೂವಿನ ಕಾಲದ ಕೆಲವು ಪುಟಗಳನ್ನು ಸೇರಿಸಲು ಯಾವ ಅನುದಾನವೂ ಬೇಕಿಲ್ಲ.

ಸಂಗನಕಲ್ಲು, ಕಪ್ಪಗಲ್ಲುಗಳ ಪ್ರೌಢಶಾಲೆಯ ಮಕ್ಕಳಿಂದಲೇ ಇದು ಆರಂಭವಾಗಬಹುದು. ಹತ್ತು ಮರಗಳು ಸಾಕು: ಮೂರು ಬೇವು, ಎರಡು ಹೊಂಗೆ, ಎರಡು ಕಕ್ಕೆ, ಹತ್ತಿರದಲ್ಲಿ ದೊರೆತರೆ ಎರಡು ಮುತ್ತುಗ, ಹೋಲಿಕೆಗೆಂದು ಒಂದು ಬಳ್ಳಾರಿ ಜಾಲಿ. ಪ್ರತಿ ಮರಕ್ಕೂ ಒಂದು ಸಂಖ್ಯೆ, ಪ್ರತಿ ವಾರವೂ ನೋಡುವುದು ಅದೇ ಮರವನ್ನು. ತಾರೀಖು, ಮಳೆನಕ್ಷತ್ರ ಎರಡನ್ನೂ ಬರೆಯಬೇಕು. ಹಿಂದಿನ ಹದಿನೈದು ದಿನಗಳಲ್ಲಿ ಮಳೆ ಬಿದ್ದಿತೇ, ರೆಂಬೆ ಕಡಿದಿದ್ದಾರೆಯೇ, ಬೆಂಕಿ ಬಿದ್ದಿದೆಯೇ, ಎಲೆ ಹಸಿರೋ ಉದುರಿದೆಯೋ, ಮೊಗ್ಗೋ ಹೂವೋ ಕಾಯಿಯೋ, ಜೇನು ಬಂದಿತ್ತೇ ಎಂದು ಗುರುತಿಸಬೇಕು. ಗಿಡದ ಹೆಸರು ತಿಳಿಯದಿದ್ದರೆ ಊರಿನಲ್ಲಿ ಕರೆಯುವ ಹೆಸರನ್ನೇ ಬರೆದು, ಒಂದು ಎಲೆಯನ್ನು ಹಳೆಯ ಪತ್ರಿಕೆಯ ನಡುವೆ ಒಣಗಿಸಿ ಅಂಟಿಸಿದರಾಯಿತು. ಹೂವು ಕಂಡ ವಾರಗಳಲ್ಲಿ ಬರೆಯಲು ಯಾರಿಗೂ ಹೇಳಬೇಕಾಗಿಲ್ಲ. ಏನೂ ಕಾಣದ ವಾರಗಳಲ್ಲೂ ಆ ಅಂಕಣವನ್ನು ಖಾಲಿ ಬಿಡದೆ ‘ಹೂವಿಲ್ಲ’ ಎಂದು ಬರೆಯಿಸುವುದೇ ಶಿಕ್ಷಕರ ಕಷ್ಟದ ಕೆಲಸ. ಮುಂದೊಂದು ದಿನ ಇದೇ ಗುಡ್ಡದಲ್ಲಿ ಋತು ತಪ್ಪಿ ಅರಳಿದ ಹೂವನ್ನು ಕಂಡವರು ಮೊದಲು ತೆರೆದು ನೋಡುವುದು ಆ ‘ಹೂವಿಲ್ಲ’ಗಳ ಪುಟವನ್ನೇ.